ಒಂದೇ ಸಂಖ್ಯೆಯ ಎರಡು ನೋಟ್‌ಬುಕ್

ನನ್ನ ಗೆಳೆಯ ಇಪ್ಪತ್ತೆರಡು ವರ್ಷ ಕನ್ನಡಿ ಒರೆಸಿಕೊಂಡು ಬದುಕಿದ. ಭೌತಶಾಸ್ತ್ರದ ಸಂಶೋಧನಾಲಯದಲ್ಲಿ ಉಗುರಿನಷ್ಟು ಚಿಕ್ಕ ಕನ್ನಡಿಗಳನ್ನು ಕೂದಲೆಳೆಯಷ್ಟು ತಿರುಗಿಸಿ, ಬೆಳಕನ್ನು ಹೇಳಿದ ಜಾಗಕ್ಕೆ ಕಳಿಸುವುದು ಅವನ ಕೆಲಸ. ಎಲ್ಲರೂ ಅವನನ್ನು ಕನ್ನಡಿ ಎಂದೇ ಕರೆಯುತ್ತಿದ್ದರು. ಹತ್ತನೇ ತರಗತಿಗೆ ಓದು ಬಿಟ್ಟವನು. ನಾನು ಅದೇ ಕಟ್ಟಡದ ಗ್ರಂಥಪಾಲಕ. ಇಬ್ಬರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಅಲ್ಲೊಂದು ಕೆಲಸ ಖಾಲಿಯಿದೆ ಎಂದು ಅವನಿಗೆ ಹೇಳಿದವನೂ ನಾನೇ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದರಲ್ಲಿ ದುಃಖಕ್ಕಿಂತ ನನ್ನ ಹೊಟ್ಟೆಕಿಚ್ಚೇ ಹೆಚ್ಚಾಗಿ ಕಾಣುತ್ತದೆ.

ಆ ಕಿಚ್ಚು ಗಡಿಯಾರನ ಮೇಲಿನದು. ಸಂಶೋಧನಾಲಯದ ಗಡಿಯಾರಗಳನ್ನು ನೋಡಿಕೊಳ್ಳುವ ಬಡಕಲು ಮನುಷ್ಯ ಅವನು, ಅದಕ್ಕೇ ಆ ಹೆಸರು; ಮಾತು ಕಮ್ಮಿ. ನನ್ನ ಗೆಳೆಯನ ಕೋಣೆ ಉದ್ದನೆಯ ಕಟ್ಟಡದ ಒಂದು ತುದಿಗೆ, ಅವನದು ಇನ್ನೊಂದು ತುದಿಗೆ. ನಡುವಿನ ಕೋಣೆಯಲ್ಲಿ ಒಂದು ಹರಳು. ಒಳಗೆ ಹೋದ ಒಂದು ಬೆಳಕಿನ ಕಣ ಅಲ್ಲಿ ಎರಡಾಗಿ, ಒಂದು ಕನ್ನಡಿಯ ಕಡೆಗೂ ಒಂದು ಗಡಿಯಾರನ ಕಡೆಗೂ ಹೋಗುತ್ತಿತ್ತು. ಕಣ ಬಂದಾಗ ಆಯಾ ಕೋಣೆಯಲ್ಲಿ ಕೆಂಪು ದೀಪವೋ ಹಸಿರು ದೀಪವೋ ಹತ್ತುತ್ತಿತ್ತು.

ಮುಂದಿನ ಲೆಕ್ಕವೆಲ್ಲ ಯಂತ್ರದ್ದು. ಆದರೆ ಅಲ್ಲಿನ ಹಿರಿಯ ವಿಜ್ಞಾನಿ ಮೇಡಂ ಒಂದು ಪದ್ಧತಿ ಇಟ್ಟಿದ್ದರು. ದಿನಾ ಬೆಳಗ್ಗೆ ಯಂತ್ರ ಶುರುವಾಗುವ ಮುಂಚೆ ನಲವತ್ತು ಜೋಡಿಗಳನ್ನು ಇವರಿಬ್ಬರು ಕೈಯಾರೆ ಬರೆಯಬೇಕು. ಕತ್ತಲ ಕೋಣೆ, ಮುಚ್ಚಿದ ಬಾಗಿಲು, ಫೋನಿಲ್ಲ, ಮಾತಿಲ್ಲ. ಕೆಂಪಾದರೆ ‘ಕೆ’, ಹಸಿರಾದರೆ ‘ಹ’. ಒಂದೊಂದೇ ನೋಟ್‌ಬುಕ್ ನೋಡಿದರೆ ಅದರಲ್ಲಿ ತಲೆಬುಡ ಇರುವುದಿಲ್ಲ, ನಾಣ್ಯ ಚಿಮ್ಮಿ ಬರೆದ ಹಾಗಿರುತ್ತದೆ. ಹತ್ತೂವರೆಗೆ ಚಹಾ ಕೋಣೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಇಬ್ಬರೂ ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಿದ್ದರು. ಇಲ್ಲಿ ಕೆಂಪಾದರೆ ಅಲ್ಲೂ ಕೆಂಪು, ಇಲ್ಲಿ ಹಸಿರಾದರೆ ಅಲ್ಲೂ ಹಸಿರು. ಆಗ ಇಬ್ಬರ ಮುಖದಲ್ಲೂ ಒಂದೇ ನಗು. ನಾನು ಪಕ್ಕದ ಮೇಜಿನಲ್ಲಿ ಪತ್ರಿಕೆ ಹಿಡಿದು ಕೂತಿರುತ್ತಿದ್ದೆ. ಪತ್ರಿಕೆ ಓದುತ್ತಿರಲಿಲ್ಲ.

ಈ ವಿಷಯದ ಮೇಲೆ ನಮ್ಮ ಗ್ರಂಥಾಲಯದಲ್ಲಿದ್ದ ಹನ್ನೊಂದು ಪುಸ್ತಕವನ್ನೂ ನಾನು ಓದಿದೆ. ಓದಿ ಒಂದು ದಿನ ಗೆಳೆಯನಿಗೆ ವಿವರಿಸಲು ಹೋದೆ.

“ಒಂದು ಜೊತೆ ಚಪ್ಪಲಿ ಅಂತ ಇಟ್ಕೋ. ಒಂದನ್ನ ನಿನಗೆ, ಒಂದನ್ನ ಅವನಿಗೆ ಕಟ್ಟಿ ಕಳಿಸಿದ್ರು. ನೀನು ಬಿಚ್ಚಿದಾಗ ಎಡಗಾಲಿಂದು ಬಂತು ಅಂದ್ರೆ ಅವನ ಹತ್ರ ಬಲಗಾಲಿಂದು. ಇದರಲ್ಲಿ ಆಶ್ಚರ್ಯ ಏನಿದೆ?”

ಅವನು ಕನ್ನಡಿಗೆ ಉಫ್ ಎಂದು ಗಾಳಿ ಊದಿ ನಕ್ಕ. “ಚಪ್ಪಲಿ ಎಡದ್ದೋ ಬಲದ್ದೋ ಅಂತ ಅಂಗಡೀಲೇ ಗೊತ್ತಾಗಿರುತ್ತೆ ಕಣೋ. ಇದಕ್ಕೆ ಹಾಗಿಲ್ಲ. ಬೆಳಗಿನ ನಲವತ್ತಕ್ಕೆ ಇಬ್ರೂ ಒಂದೇ ಕೋನ ಇಡ್ತೀವಿ. ಆಮೇಲೆ ಯಂತ್ರ ಓಡುವಾಗ, ಕಣದ ದಾರಿಗೆ ಅಡ್ಡ ಈ ಫಲಕ ಇದೆಯಲ್ಲ, ಇದನ್ನ ನಾನೊಂದು ಕೋನಕ್ಕೆ ತಿರುಗಿಸ್ತೀನಿ, ಅವನು ಅವನಿಗೆ ತೋಚಿದ ಕೋನಕ್ಕೆ. ಅಂದ್ರೆ ಕೇಳೋ ಪ್ರಶ್ನೆನೇ ಬೇರೆ. ಆಗ್ಲೂ ಉತ್ತರಗಳು ಎಷ್ಟು ಹೊಂದುತ್ತೆ ಅಂದ್ರೆ, ಮೊದಲೇ ಮಾತಾಡ್ಕೊಂಡು ಬಂದೋರಿಗೂ ಅಷ್ಟು ಹೊಂದಿಸೋಕಾಗಲ್ಲ. ಕೆಂಪು ಅನ್ನೋದು ಅದು ಹೊರಡುವಾಗ ಅದರ ಜೇಬಲ್ಲಿ ಇರ್ಲೇ ಇಲ್ಲ.”

“ಹಾಗಾದ್ರೆ ದಾರೀಲಿ ಒಂದಕ್ಕೊಂದು ಸುದ್ದಿ ಕಳಿಸ್ತಾವಾ?”

“ಸುದ್ದಿ ಕಳಿಸೋ ಹಾಗಿದ್ರೆ ನಾವಿಬ್ರೂ ದಿನಾ ಹತ್ತೂವರೆ ತನಕ ಯಾಕೆ ಕಾಯ್ತಿದ್ವಿ? ನನ್ನ ದೀಪ ನೋಡಿದ್ರೆ ಅವನ ಕೋಣೇಲಿ ಏನು ಮಾಡ್ತಿದಾನೆ ಅಂತ ಒಂದು ಚೂರೂ ಗೊತ್ತಾಗಲ್ಲ. ನೀನು ಅದನ್ನ ಎರಡು ಅಂತ ಎಣಿಸ್ತಿದೀಯ, ಅಲ್ಲೇ ತಪ್ಪು. ಎರಡು ಜಾಗದಲ್ಲಿರೋ ಒಂದು ಅನ್ನು.”

ಇಂಥ ಮಾತು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ. “ಇದನ್ನ ಎಲ್ಲಿ ಓದಿದೆ?” ಎಂದೆ.

“ಓದೋದಾ! ಗಡಿಯಾರ ಹೇಳಿದ.”

ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ನನ್ನ ಹನ್ನೊಂದು ಪುಸ್ತಕ ಒಂದು ಕಡೆ, ಆ ಬಡಕಲನ ಒಂದು ಮಾತು ಒಂದು ಕಡೆ.

ಕನ್ನಡಿ ಮೂರು ವಾರ ಆಸ್ಪತ್ರೆಯಲ್ಲಿದ್ದ. ಶ್ವಾಸಕೋಶ ಕೈಕೊಟ್ಟಿತ್ತು. ನಾನು ದಿನಾ ಹೋಗಿ ಏನಾದರೂ ಓದಿ ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚುತ್ತಿದ್ದ. ಗಡಿಯಾರ ಬಂದರೆ ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿದ್ದ, ಅಷ್ಟೆ. ಆಗ ಕನ್ನಡಿ ಕಣ್ಣು ಬಿಡುತ್ತಿದ್ದ. ಸಾಯುವ ಮನುಷ್ಯನ ಹಾಸಿಗೆಯ ಪಕ್ಕದಲ್ಲೂ ನಾನು ಇದನ್ನೆಲ್ಲ ಗಮನಿಸುತ್ತಿದ್ದೆ.

ಅವನು ಹೋದ ಮೇಲೆ ಅವನ ಹೆಂಡತಿ, ನಾನು ಅತ್ತಿಗೆ ಎನ್ನುವವರು, ಅವನ ಕೊನೆಯ ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. “ಗಡಿಯಾರದವರು ಫೋನ್ ಮಾಡಿ ಕೇಳಿದ್ರು. ಆದ್ರೆ ಪುಸ್ತಕ ಅಂದ್ರೆ ನಿಮ್ಮದೇ ಅಲ್ವಾ? ಯಾರಿಗೆ ಕೊಡ್ಲಿ, ನೀವೇ ಹೇಳಿ.”

“ಇದು ಗ್ರಂಥಾಲಯಕ್ಕೆ ಸೇರಬೇಕಾದ್ದು ಅತ್ತಿಗೆ,” ಎಂದೆ. ಶುದ್ಧ ಸುಳ್ಳು.

ತಂದು ಅದಕ್ಕೆ ಮೊಹರು ಹೊಡೆದೆ. ಸಂಖ್ಯೆ ಬರೆದೆ. ಬೆನ್ನಿಗೆ ‘ಹೊರಗೆ ಕೊಡುವಂತಿಲ್ಲ’ ಚೀಟಿ ಅಂಟಿಸಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಎರಡು ತಿಂಗಳು ಓದಿದೆ. ಕೆ, ಹ, ಹ, ಕೆ. ಅಲ್ಲಲ್ಲಿ ಒಂದೊಂದು ಸಾಲಿನ ಪಕ್ಕ ಚಿಕ್ಕ ಚುಕ್ಕೆ. ನನ್ನ ಬಗ್ಗೆ ಒಂದಕ್ಷರವಿಲ್ಲ.

ಒಂದು ಬೆಳಗ್ಗೆ ಗಡಿಯಾರ ಗ್ರಂಥಾಲಯಕ್ಕೆ ಬಂದ. ಬೇಡಿಕೆ ಚೀಟಿ ತೆಗೆದುಕೊಂಡು ನೀಟಾಗಿ ತುಂಬಿ ನನ್ನ ಮುಂದೆ ಇಟ್ಟ. ಪುಸ್ತಕದ ಹೆಸರು ಎಂಬಲ್ಲಿ ‘ಕನ್ನಡಿಯದು’ ಎಂದಿತ್ತು.

“ಹೊರಗೆ ಕೊಡೋ ಹಾಗಿಲ್ಲ,” ಎಂದೆ.

“ಇಲ್ಲೇ ಕೂತು ನೋಡ್ತೀನಿ ಸಾರ್. ಕೊನೇ ದಿನದ್ದು ನಾವು ಕೂಡಿಸಿ ನೋಡ್ಲೇ ಇಲ್ಲ. ಅವತ್ತು ಚಹಾಕ್ಕೆ ಮುಂಚೆ ಅವನಿಗೆ ಉಸಿರು ಸಿಕ್ಕಿಹಾಕ್ಕೊಳ್ತು.” ಚೀಲದಿಂದ ತನ್ನ ನೋಟ್‌ಬುಕ್ ತೆಗೆದ. “ನಲವತ್ತು ಸಾಲು ಅಷ್ಟೆ.”

ನಿಯಮ ಅವನ ಕಡೆಗಿತ್ತು. ಬೀಗ ತೆಗೆದೆ.

ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟ. ಹದಿನಾರು ಸಾಲು ಒಂದೂ ತಪ್ಪದೆ ಹೊಂದಿದವು. ಹದಿನೇಳರಲ್ಲಿ ಕನ್ನಡಿಯದು ಕೆಂಪು, ಗಡಿಯಾರನದು ಹಸಿರು. ಅಲ್ಲಿಂದ ಕೆಳಕ್ಕೆ ಒಂದು ಹೊಂದಿದರೆ ಒಂದು ಇಲ್ಲ. ಬೆರಳು ನಿಧಾನವಾಗಿ ಕೊನೆಯವರೆಗೆ ಇಳಿದು ನಿಂತಿತು.

“ಕೈ ತಪ್ಪಿಬಿಟ್ಟಿದೆ,” ಎಂದ. “ಅಷ್ಟೊತ್ತಿಗೇ ಅವನಿಗೆ ಆಗ್ತಿರ್ಲಿಲ್ಲ. ಒಬ್ಬನೇ ಕತ್ತಲಲ್ಲಿ… ನಾನು ಆ ತುದೀಲಿ ಆರಾಮಾಗಿ ಬರ್ಕೊಂಡು ಕೂತಿದ್ದೆ.”

ನಾನು ಸುಮ್ಮನಿರಬಹುದಿತ್ತು. ಇಪ್ಪತ್ತು ವರ್ಷ ನಾನು ಬಯಸಿದ್ದು ಅದನ್ನೇ ಅಲ್ಲವೇ, ಅವರಿಬ್ಬರದು ಒಮ್ಮೆಯಾದರೂ ಹೊಂದದಿರಲಿ ಎಂದು? ಆದರೆ ಅವತ್ತು ಬೆಳಗ್ಗೆ ಏನಾಯಿತೆಂದು ಬಲ್ಲವನು ನಾನೊಬ್ಬನೇ.

“ಅವನ ಕೈ ತಪ್ಪಿಲ್ಲ,” ಎಂದೆ. “ನಾನು ಬಾಗಿಲು ತೆಗೆದೆ. ಅವನಿಗೆ ಅಂತ ಒಂದು ಪುಸ್ತಕ ಕೊಡೋಕೆ ಹೋಗಿದ್ದೆ. ಹೊರಗಿನ ಬೆಳಕು ಒಳಗೆ ಬಿತ್ತು, ಅದಕ್ಕೇ ಕಣ ಬರದೆ ಕೆಂಪು ದೀಪ ಹತ್ತಿದ್ದು ನಾನೂ ನೋಡಿದೆ. ಆ ಸಾಲು ಜಾಸ್ತಿಯಾಗಿದ್ದು. ಅದನ್ನ ಬಿಟ್ಟು ಒಂದು ಸಾಲು ಮೇಲಕ್ಕೆ ಸರಿಸಿ ನೋಡಿ.”

ಅವನು ಹದಿನೇಳನ್ನು ಬೆರಳಿನಿಂದ ಮುಚ್ಚಿದ. ಹದಿನೆಂಟು ಹೊಂದಿತು. ಹತ್ತೊಂಬತ್ತು ಹೊಂದಿತು. ಕೊನೆಯವರೆಗೂ ಹೊಂದಿತು. ಅವನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಆಮೇಲೆ ಹಿಂದಿನ ಪುಟಗಳನ್ನು ಸರಸರ ತಿರುವಿದ.

“ಹಾಗಾದ್ರೆ ಈ ಚುಕ್ಕೆ ಇಟ್ಟ ಸಾಲುಗಳೆಲ್ಲ ನೀನೇನಾ? ಈ ಸಾಲು ಲೆಕ್ಕಕ್ಕಿಲ್ಲ ಅಂತಿದ್ದ. ಯಾಕೆ ಅಂದ್ರೆ ಬಾಯಿ ಬಿಡ್ತಿರ್ಲಿಲ್ಲ. ಚಿಲಕ ಹಾಕ್ಕೊಳೋ ಅಂತ ಎಷ್ಟು ಸಲ ಬೈದಿದೀನಿ! ಒಂದು ಸಲ ನಾನು ಹೋಗಿ ಬಾಗಿಲು ತಟ್ಟಿದ್ದಕ್ಕೆ ಕಟ್ಟಡ ಕಿತ್ತುಹೋಗೋ ಹಾಗೆ ಕೂಗಿದ. ನಿನಗೆ ಮಾತ್ರ ಚಿಲಕಾನೇ ಇಲ್ಲ.” ನನ್ನನ್ನು ದುರುಗುಟ್ಟಿ ನೋಡಿದ. “ಆ ಬಾಗಿಲು ತೆಗೆಯೋದು ಯಾರಪ್ಪಾ ಅಂತ ಇಷ್ಟು ವರ್ಷ ಹೊಟ್ಟೆ ಉರ್ಕೊಂಡೆ, ಗೊತ್ತಾ?”

ನನಗೆ ನಗು ಬಂತು, ಹಿಂದೆಯೇ ಅಳುವೂ.

“ಕೊನೇದಕ್ಕೆ ಚುಕ್ಕೆ ಇಡೋಕೆ ಅವನಿಗೆ ಪುರುಸೊತ್ತು ಸಿಕ್ಕಿಲ್ಲ,” ಎಂದು ಗಡಿಯಾರ ಪೆನ್ಸಿಲ್ ಮುಂದೆ ಚಾಚಿದ. “ನಿಂದು. ನೀನೇ ಇಡು.”

ಇಟ್ಟೆ. ಅವನು ತನ್ನ ನೋಟ್‌ಬುಕ್ಕನ್ನೂ ನನ್ನ ಕಡೆ ತಳ್ಳಿದ. “ಇದಕ್ಕೂ ಮೊಹರು ಹೊಡಿ.”

“ಬೇರೆ ಸಂಖ್ಯೆ ಕೊಡಬೇಕು.”

“ಬೇರೆ ಯಾಕೆ? ಎರಡು ಅಂತ ಎಣಿಸ್ತೀಯಲ್ಲ. ಹನ್ನೊಂದು ಪುಸ್ತಕ ಓದಿದೋನು ನೀನೇ ಅಂತೆ.”

ಅಂದರೆ ನನ್ನ ವಿಷಯ ಅವರು ಮಾತಾಡಿಕೊಂಡಿದ್ದರು. ಏನೇನು ಮಾತಾಡಿಕೊಂಡಿದ್ದರೋ ಎಂದು ಎದೆಯಲ್ಲಿ ಮತ್ತೆ ಚುರುಕ್ಕೆಂದಿತು. ಅವನದಕ್ಕೂ ಕನ್ನಡಿಯದರ ಸಂಖ್ಯೆಯನ್ನೇ ಬರೆದು, ‘ಹೊರಗೆ ಕೊಡುವಂತಿಲ್ಲ’ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತೆ.