ಹಸಿರು ಗಿಣಿಗೆ ಕೆಂಪು ಹೂವು

ಈ ಬೆಳಿಗ್ಗೆ ಟ್ರಂಕು ತೆಗೆದದ್ದು ಒಂದು ನೀಲಿ ಪರದೆಗಾಗಿ. ರವೀಂದ್ರನಗರದ ನಮ್ಮ ಮನೆಯ ನೀಲಿ ಗೋಡೆಗೆ ಸೊಸೆ ಕಿತ್ತಳೆ ಬಣ್ಣದ ಪರದೆ ಹಾಕಿದ್ದಳು, ನನಗೆ ಸರಿಬರದೆ ತೆಗೆ ಎಂದಿದ್ದೆ. ನೀಲಿಗೆ ನೀಲಿ, ಹಸಿರಿಗೆ ಹಸಿರು, ಐದೂವರೆಗೆ ಏಳುವುದು, ಹೀಗೆ ಬದುಕಿದವಳು ನಾನು. ನುಸಿಗುಳಿಗೆಯ ವಾಸನೆಯ ನಡುವೆ ಪರದೆ ಸಿಗಲಿಲ್ಲ, ಹಳೆಯದೊಂದು ಮೇಜುವಸ್ತ್ರ ಸಿಕ್ಕಿತು. ಅದರ ಮೇಲೆ ನನ್ನ ಕಸೂತಿಯ ಗಿಣಿ.

ಐವತ್ತರ ದಶಕದ ಕೊನೆ. ಭದ್ರಾವತಿಯಲ್ಲಿ ಚಿಕ್ಕಪ್ಪನ ಕ್ವಾರ್ಟರ್ಸಿನಲ್ಲಿದ್ದುಕೊಂಡು, ದಿನಾ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸೋಮವಾರ ಇನ್‌ಸ್ಪೆಕ್ಟರಮ್ಮ ಬಂದು ನನ್ನ ಕಸೂತಿ ನೋಡಿ ತೀರ್ಮಾನಿಸುವವರಿದ್ದರು. ಹಸಿರು ಎಲೆಗಳ ನಡುವೆ ಹಸಿರು ಗಿಣಿ ಹಾಕಿದ್ದೆ. ಒಂದು ಹೊಲಿಗೆಯೂ ತಪ್ಪಿರಲಿಲ್ಲ.

ಶುಕ್ರವಾರ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಪಾಳಿ ಮುಗಿಸಿ ಬಂದ ಚಿಕ್ಕಪ್ಪ ಬಟ್ಟೆ ಎತ್ತಿ ಹಿಡಿದು ನೋಡಿದರು. "ಗಿಣಿ ಎಲ್ಲಿ ಮಾರಾಯ್ತಿ? ಹಾರಿಹೋಯ್ತಾ?"

"ಕಣ್ಣು ಬಿಟ್ಟು ನೋಡಿ ಚಿಕ್ಕಪ್ಪ!" ಅಂದೆ.

"ಕಣ್ಣಿನ ವಿಷಯ ನನಗೆ ಹೇಳ್ತೀಯಾ?" ಎಂದವರು ಕೆಂಪು ದಾರದ ಉಂಡೆಯನ್ನು ಬಿಳಿ ಬಟ್ಟೆಯ ಮೇಲಿಟ್ಟರು. "ಮೂವತ್ತು ಎಣಿಸೋವರೆಗೂ ಇದನ್ನೇ ನೋಡು. ಆಮೇಲೆ ಉಂಡೆ ತೆಗೀತೀನಿ, ನಿನ್ನ ಕಣ್ಣು ಅಲ್ಲೇ ಇರಲಿ."

ಬಿಳಿಯ ಮೇಲೆ ತೆಳುವಾಗಿ ಹಸಿರು ಮಚ್ಚೆಯೊಂದು ತೇಲಿತು! ನೀವೂ ಮಾಡಿ ನೋಡಿ.

"ಕುಲುಮೆ ನೋಡಿ ಗೋಡೆ ನೋಡಿದ್ರೆ ನಮಗೆ ದಿನಾ ಹಿಂಗೇ. ಕೆಂಪು ಕಂಡ ಕಣ್ಣು ತಾನಾಗೇ ಹಸಿರು ಕೇಳುತ್ತೆ. ಗಿಣಿಗೆ ಒಂಚೂರು ಕೆಂಪು ಕೊಡು."

ಕೊಟ್ಟೆ, ನನ್ನ ಶಿಸ್ತಿಗೆ ತಕ್ಕಂತೆ. ರೆಕ್ಕೆಯ ತುಂಬ ಒಂದು ಹೊಲಿಗೆ ಹಸಿರು, ಒಂದು ಹೊಲಿಗೆ ಕೆಂಪು, ಎಲ್ಲೂ ಕ್ರಮ ತಪ್ಪದೆ. ಶನಿವಾರ ಸಂಜೆ ಗೋಡೆಗೆ ತೂಗುಹಾಕಿ ದೂರ ನಿಂತರೆ ರೆಕ್ಕೆಗೆ ಕೆಸರಿನ ಬಣ್ಣ.

"ಅಯ್ಯೋ, ಗಿಣಿ ಕೊಚ್ಚೆಗೆ ಬಿತ್ತಲ್ಲೇ!" ಚಿಕ್ಕಮ್ಮ ನಕ್ಕರು.

ಚಿಕ್ಕಪ್ಪ ನಗಲಿಲ್ಲ. "ಬೆರೆಸಬೇಡ. ಪಕ್ಕದಲ್ಲಿ ಕೂರಿಸು."

ಭಾನುವಾರವಿಡೀ ಬಿಚ್ಚಿದೆ, ಹೊಲಿದೆ. ರೆಕ್ಕೆ ಮತ್ತೆ ಪೂರ್ತಿ ಹಸಿರು; ಬೆನ್ನ ಹಿಂದಿನ ಎಲೆಗಳ ಜಾಗದಲ್ಲಿ ಒಂದು ದೊಡ್ಡ ಕೆಂಪು ದಾಸವಾಳ. ದಾರ ಅದೇ ಹಸಿರು ದಾರ, ಆದರೆ ಗಿಣಿ ಬಟ್ಟೆಯಿಂದ ಒಂದು ಹೆಜ್ಜೆ ಮುಂದೆ ಬಂದು ಕೂತಿತು.

ಸೋಮವಾರ ಇನ್‌ಸ್ಪೆಕ್ಟರಮ್ಮ ಬಾಗಿಲಲ್ಲೇ ನಿಂತು ಕೇಳಿದರು: "ಆ ಗಿಣಿ ಯಾರದ್ದು?" ಕೆಲಸ ಉಳಿಯಿತು.

ಆಮೇಲೆ ನಿವೃತ್ತಿಯವರೆಗೂ ಮಕ್ಕಳಿಗೆ ಇದನ್ನೇ ಕಲಿಸಿದೆ. ನಮ್ಮ ಮನೆಯ ಗೋಡೆಯ ಮಾತು ಬಂದಾಗ ಮರೆತೆ, ನೋಡಿ.

ಟ್ರಂಕು ಮುಚ್ಚಿ ನಡುಮನೆಗೆ ಬಂದೆ. ಕಿತ್ತಳೆ ಪರದೆಯ ಪಕ್ಕ ಗೋಡೆ ಎಂದಿಗಿಂತ ನೀಲಿಯಾಗಿತ್ತು. ಸೊಸೆ ಸಪ್ಪೆ ಮುಖ ಮಾಡಿಕೊಂಡು, ಸ್ಟೂಲು ಹತ್ತಿ ಪರದೆ ಕಳಚಲು ಕೈ ಹಾಕಿದ್ದಳು.

"ತೆಗೀಬೇಡ ಕಣೇ, ಇರಲಿ," ಅಂದೆ. "ಎಡಗಡೆ ಒಂದು ಬೆರಳು ಕೆಳಗಿಳಿದಿದೆ. ಅದನ್ನ ಮಾತ್ರ ನೇರ ಮಾಡು."