ವೈದ್ಯಕವಿಗೆ ಹೊದಿಸಿದ ಶಾಲು

ಗಲ್ಫ್‌ನ ನಮ್ಮ ಈ ಊರಿನ ಗುಫೂಲ್ ಬಡಾವಣೆಯಲ್ಲಿ ಕ್ಲಿನಿಕ್ ಇಟ್ಟಿದ್ದ ನಮ್ಮೂರ ಕಡೆಯ ಡಾಕ್ಟರಿಗೆ ಹತ್ತೊಂಬತ್ತನೇ ಶತಮಾನದ ಒಬ್ಬ ಅಮೆರಿಕನ್ ವೈದ್ಯಕವಿಯ ಹುಚ್ಚು. ಬಿ.ಪಿ. ನೋಡುವಾಗಲೂ ಅವನದೇ ಮಾತು. ಕುದುರೆಗಾಡಿಯಲ್ಲಿ ರೋಗಿಗಳ ಮನೆಗೆ ಹೋಗುತ್ತಿದ್ದನಂತೆ, ದಾರಿಯಲ್ಲೇ ಪದ್ಯ ಕಟ್ಟುತ್ತಿದ್ದನಂತೆ.

"ಅಷ್ಟು ಪದ್ಯ ಅವನಿಗೆ ಎಲ್ಲಿಂದ ಸಿಗ್ತಿತ್ತು ಡಾಕ್ಟ್ರೇ?" ಎಂದು ಒಮ್ಮೆ ಕೇಳಿದ್ದೆ.

"ರೋಗಿಗಳ ಮಾತು ಸರಿಯಾಗಿ ಕೇಳಿದ್ರೆ ಸಾಕು ಮೇಡಂ, ಪದ್ಯ ಅಲ್ಲೇ ಉಂಟು," ಎಂದರು.

ಎಂಥ ಕರುಣೆ ಎಂದುಕೊಂಡೆ. ಆ ನಂಬಿಕೆಯಲ್ಲೇ, ಗಂಡನಿಗೂ ಹೇಳದ್ದನ್ನು ಅವರಿಗೆ ಹೇಳಿದೆ: ಸೀಫ್ ಬಡಾವಣೆಯ ಆಫೀಸಿನಿಂದ ಬಂದವಳು ಮನೆಗೆ ಹೋಗುವ ಮೊದಲು ಪಾರ್ಕಿಂಗ್‌ನಲ್ಲಿ ಎಸಿ ಹಾಕಿಕೊಂಡು, ಕಾರಿನಲ್ಲೇ ಕೂತು ಅಳುತ್ತೇನೆ. ಯಾಕೆಂದು ನನಗೇ ಗೊತ್ತಿಲ್ಲ.

ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಡಾಕ್ಟರು ಆ ವೈದ್ಯಕವಿಯ ಬದುಕಿನ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಕೊನೆಗೆ, "ಅವನ ದಾರಿಯಲ್ಲಿ ನನ್ನದೂ ಒಂದು," ಎಂದು ಪದ್ಯ ಓದಿದರು. ಕಾರು, ಎಸಿ, ಅಳು, ಎಲ್ಲವೂ ಅದರಲ್ಲಿತ್ತು. ನನ್ನ ಹೆಸರೊಂದು ಇರಲಿಲ್ಲ, ಅಷ್ಟೇ. ಸಭೆಯಿಡೀ ಚಪ್ಪಾಳೆ ತಟ್ಟಿತು. ಸತ್ತುಹೋದ ಆ ಅಮೆರಿಕದವನ ಮೇಲೂ ನನಗೆ ಸಿಟ್ಟು ಬಂತು. ಅವನ ರೋಗಿಗಳನ್ನು ಯಾರಾದರೂ ಒಂದು ಮಾತು ಕೇಳಿದ್ದರೇ?

ಸಂಘದ ಕಾರ್ಯದರ್ಶಿ ನಾನೇ. ವೇದಿಕೆ ಹತ್ತಿ, ಡಾಕ್ಟರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಫೋಟೋಕ್ಕೆ ನಗಬೇಕಾಯಿತು. ಅವರು ಕಣ್ಣು ತಪ್ಪಿಸಲೂ ಇಲ್ಲ. "ಥ್ಯಾಂಕ್ಸ್ ಮೇಡಂ," ಎಂದರು.

ಮನೆಗೆ ಹೊರಟಾಗ ಗಂಡ ಕಾರಿನ ಎಸಿ ಹಾಕುತ್ತಾ ಅಂದರು: "ಎಂಥ ಪದ್ಯ ಮಾರಾಯ್ತಿ! ಪಾಪ, ಅದು ಯಾರ ಹೆಂಡ್ತಿಯೋ ಏನೋ."