ಪರಾತದಾಗಿನ ಉಗುರುಬಣ್ಣ

ಉಗುರಿಗೆ ಬಣ್ಣ ಹಚ್ಚೋದನ್ನ ಮೊದಲ ಕಂಡುಹಿಡದಾಕಿ ಯಾರೋ ಗೊತ್ತಿಲ್ಲ, ಆದ್ರ ಆಕಿ ಜ್ವಾಳದ ರೊಟ್ಟಿ ಬಡಿಯಾಕಿ ಅಂತೂ ಅಲ್ಲ. ಇಷ್ಟು ಖಾತ್ರಿಲೆ ಹೇಳಾಕ ನನ್ನ ಹತ್ರ ಪುರಾವೆ ಐತಿ.

ಎಂಬತ್ತರ ದಶಕದ ಸುರುವಿನ ಮಾತು. ಬೆಳಗಾವಿ ಖಾಸಬಾಗದಾಗ ಬೆಳದ ನಾನು ಲಗ್ನ ಆಗಿ ಖಾನಾಪುರಕ್ಕ ಬಂದಿದ್ದೆ. ನಮ್ಮತ್ತಿ ಭಾಳ ಛಲೋ ಹೆಣಮಗಳು. ಖರೇ, ಅಡಿಗಿಮನಿ ಹೊಸ್ತಿಲ ಮಾತ್ರ ದಾಟಗೊಡ್ತಿರಲಿಲ್ಲ. "ನೀ ಕುಂದರವ್ವಾ ಸುಮಿತ್ರಾ, ಸಿಟಿ ಕೈ ಅದಾವು, ಸುಟಗೊಂಡಿ!" ಅಂತಿದ್ರು. ಕಾಯಕಾನ ಪೂಜಿ ಅನ್ನೋ ಮನಿತನದಾಗ ಸೊಸಿನ್ನ ಹಿಂಗ ಕುಂದ್ರಸೋದು ಅಂದ್ರ ಏನ್ರೀ? ನಾಕ ದಿನಕ್ಕ ಬಂದ ಪಾವಣ್ಯಾರಂಗ ಕೂತು ಕೂತು ನನಗ ಅಳುನ ಬರ್ತಿತ್ತು. ಒಲಿ ಮುಂದ ಒಂದೀಟು ಜಾಗಾ ಸಿಕ್ಕಿದ್ರ ಸಾಕಿತ್ತು, ಈ ಮನಿ ನಂದೂ ಅಂತ ಅನ್ನಾಕ.

ಖಾಲಿ ಕೂತ ಕೈಗೆ ಕಿತಾಪತಿನ ಹೊಳಿತೈತಿ. ನಮ್ಮವ್ವ ದೀಪಾವಳಿಗೆ ನೀರಿನ ಮ್ಯಾಲೆ ರಂಗೋಲಿ ಬಿಡ್ತಿದ್ಲು. ಹಂಗ ಉಗುರುಬಣ್ಣಾನೂ ತೇಲಿಸಿದ್ರ? ಲಗ್ನದಾಗ ಬಂದ ಕೆಂಪು, ಬಿಳಿ ಬಾಟ್ಲಿ ಇದ್ದವು. ಅಗಲ ಬಾಯಿ ಪಾತ್ರಿ ಬೇಕಲ್ಲ, ಅತ್ತಿ ಹಿತ್ತಲಕ್ಕ ಹೋದಾಗ ರೊಟ್ಟಿ ಹಿಟ್ಟು ನಾದೋ ಪರಾತಾನ ಎತ್ಕೊಂಡು ಬಂದೆ. ಅವ್ವ ರಂಗೋಲಿಗೆ ಎಣ್ಣಿ ಬಿಡ್ತಿದ್ಲು ಅಂತ ನಾನೂ ಎಣ್ಣಿ ಬಿಟ್ಟೆ. ಬಣ್ಣ ಮುದ್ದಿ ಆಗಿ ಅಂಚಿಗೆ ಹತ್ತಿತು. ಎಲ್ಲಾ ತೊಳದು, ಬರೇ ನೀರು ಹಾಕಿ, ಎರಡೂ ಬಣ್ಣ ಹನಿ ಹನಿ ಬಿಟ್ಟು ಸೂಜಿಲೆ ಎಳದೆ. ಅಬಬಬಾ! ನೀರಿನ ಮ್ಯಾಲೆ ಅಮೃತಶಿಲಿ ಗೆರಿ! ಬೆರಳು ಅದ್ದಿ ತೆಗದ್ರ ಉಗುರಷ್ಟ ಅಲ್ಲ, ಅರ್ಧ ಬೆರಳಿಗೇ ಬಣ್ಣ ಮೆತ್ತಿತ್ತು. ಇರಲಿ, ಆಮ್ಯಾಲೆ ಕೆರದ್ರಾತು ಅಂದೆ.

ಅಷ್ಟರಾಗ ಹಿತ್ತಲದಾಗ ಧಪ್ ಅಂತ ಸಪ್ಪಳ. ಮಳಿಗಾಲ ನೋಡ್ರಿ, ಅತ್ತಿ ಪಾಚಿ ಮ್ಯಾಲೆ ಜಾರಿ ಬಲಗೈ ಉಳಕಿಸ್ಕೊಂಡಿದ್ರು. ಮಾವನವರು ಊಟಕ್ಕ ಬರೋ ಹೊತ್ತು. "ಇವತ್ತ ರೊಟ್ಟಿ ನೀನ ಬಡಿಬೇಕು ನೋಡವ್ವಾ" ಅಂದ್ರು. ಬೇಡಿದ ವರ ಬಂತು, ಕೈ ನೋಡಿದ್ರ ಹಿಂಗ!

ಪರಾತ ತಿಕ್ಕಿ ತೊಳದೆ. ಬೆರಳು ತಿಕ್ಕಾಕ ಪುರಸತ್ತು ಎಲ್ಲಿ? ಜ್ವಾಳದ ಹಿಟ್ಟಿಗೆ ಕುದಿಯೋ ನೀರು ಬೇಕು. ಆ ಬಿಸಿಗೆ ನನ್ನ ಅಮೃತಶಿಲಿ ಸಿಪ್ಪಿ ಸಿಪ್ಪಿಯಾಗಿ ಬಿಚ್ಚಾಕ ಹತ್ತಿತು. ಕಂಡಷ್ಟು ಆರಿಸಿ ಒಗದೆ. ರೊಟ್ಟಿ ಮಾತ್ರ ಹಂಚಿನ ಮ್ಯಾಲೆ ಪುರಿಯಂಗ ಉಬ್ಬಿದ್ವು.

ಮಾವನವರು ಎರಡನೇ ರೊಟ್ಟಿ ಮುರದವರು ತಟಕ್ಕನ ನಿಂತ್ರು. "ಇದೇನ ಕೆಂಪಂದು?"

ಮುಗೀತು, ಇನ್ನ ಜನ್ಮದಾಗ ಒಲಿ ಸಿಗಂಗಿಲ್ಲ. ಅತ್ತಿ ಬಗ್ಗಿ ತಾಟು ನೋಡಿದ್ರು, ಆಮ್ಯಾಲೆ ನನ್ನ ಬೆರಳು ನೋಡಿದ್ರು.

"ಒಣ ಮೆಣಸಿನಕಾಯಿ ಸಿಪ್ಪಿರೀ. ಬಾಜೂಕ ತೆಗದಿಟ್ಟು ಉಣ್ರಿ" ಅಂದ್ರು ಅತ್ತಿ.

ಮಾವನವರು ಉಂಡು ಹೊರಗ ಹೋದ್ರು. ಅತ್ತಿ ಪರಾತದ ಅಂಚಿಗೆ ಉಳದಿದ್ದ ಕೆಂಪು ಗೆರಿ ಎಡಗೈಲೆ ಕೆರಕೋತ, "ರೊಟ್ಟಿ ತೆಳ್ಳಗ ಬಡದೀ. ನಾಳಿಂದ ಒಲಿ ನಿಂದು" ಅಂದ್ರು. ನನಗ ಕಣ್ಣು ತುಂಬಿ ಬಂದ್ವು. ಕಣ್ಣು ಒರಸ್ಕೊಳ್ಳೋದ್ರಾಗ ಆ ಎಡಗೈ ನನ್ನ ಮುಂದ ಬಂದಿತ್ತು.

"ಬಣ್ಣದ ಬಾಟ್ಲಿ ತಾ. ಇನ್ನ ಖಾಲಿ ಕುಂದ್ರಾಕಿ ನಾ ಅಲ್ಲೇನು?"

ಅವತ್ತಿಂದ ರೊಟ್ಟಿ ಬಡೀತನ ಇದ್ದೀನಿ. ಗೆದ್ದಾಕಿ ನಾನೋ ಅವರೋ, ಇನ್ನೂ ಬಗಿಹರದಿಲ್ಲ.